ಧೂಮರಹಿತ ಪಾಕಶಾಲೆ: ಭಾರತದ ಇಂಧನನೀತಿಯ ಚರಿತ್ರೆಯಲ್ಲಿ ಸಮಾಜಸೇವಕರ ಸ್ಥಾನ

೧. ಉಪೋದ್ಘಾತ

ತರ್ಕಶಾಸ್ತ್ರವನ್ನು ಹೊಸದಾಗಿ ಹಿಡಿದ ವಿದ್ಯಾರ್ಥಿಗೆ ಮೊದಲು ಕಲಿಸುವ ಅನುಮಾನವು ಎಲ್ಲರಿಗೂ ತಿಳಿದುದೇ ಆಗಿದೆ. ಬೆಟ್ಟದಲ್ಲಿ ಹೊಗೆ ಕಾಣುವುದರಿಂದ ಅಲ್ಲಿ ಬೆಂಕಿಯುಂಟೆಂದು ಸಾಧಿಸಬೇಕು. ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಗೆ ದೃಷ್ಟಾಂತವನ್ನು ಕೊಡಬೇಕು. ಆ ದೃಷ್ಟಾಂತವು ಅಡಿಗೆಯ ಮನೆ. ವಾದಿಗೂ ಪ್ರತಿವಾದಿಗೂ ಸಮ್ಮತವಾದುದೇ ದೃಷ್ಟಾಂತವಾಗಬೇಕೆಂಬ ನಿಯಮವಿರುವುದರಿಂದ, ಅಡಿಗೆಯ ಮನೆಯಲ್ಲಿ ಹೊಗೆಯಿರುವುದೆಂಬುದು ಯಾರೂ ಅಲ್ಲಗಳೆಯದ ಸಂಗತಿಯಾಗಿತ್ತೆಂದು ಏರ್ಪಡುತ್ತದೆ. ಅದೇ ಶಾಸ್ತ್ರದಲ್ಲಿ ಇನ್ನೊಂದು ವಿಚಾರವೂ ಉಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯು ಸೇರಿದಾಗಲೇ ಬೆಂಕಿಯಿಂದ ಹೊಗೆ ಹುಟ್ಟುವುದು. ಹೊಗೆಯು ಬೆಂಕಿಯ ಸ್ವಭಾವವಲ್ಲ, ಸೌದೆಯ ದೋಷವೆಂದು ನಮ್ಮ ನೈಯಾಯಿಕರು ಚೆನ್ನಾಗಿ ಬಲ್ಲರು. ಆದರೆ ಆ ಉಪಾಧಿಯನ್ನು ಅಡಿಗೆಯ ಮನೆಯಿಂದ ಹೊರಗೆ ಹಾಕುವುದು ಹೇಗೆಂಬ ವಿಚಾರಕ್ಕೆ ಅವರು ಇಳಿಯಲಿಲ್ಲ. ಅದು ಅವರ ಶಾಸ್ತ್ರದ ವಿಷಯವೂ ಆಗಿರಲಿಲ್ಲ. ಒಲೆಯ ಮುಂದೆ ಕುಳಿತು ಊದುಗೊಳವೆಯನ್ನು ಊದುತ್ತಿದ್ದವಳನ್ನು ಕೇಳಿದವರೂ ಇಲ್ಲ.

ಆ ವಿಚಾರವನ್ನು ನಮ್ಮ ದೇಶದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕೈಕೊಂಡವರಲ್ಲಿ ಸಮಾಜಸೇವಕರು ಅಗ್ರಗಣ್ಯರು. ಸರ್ಕಾರದ ಆಜ್ಞೆಗೆ ಕಟ್ಟುಬೀಳದೆ, ವ್ಯಾಪಾರದ ಲಾಭವನ್ನು ಬಯಸದೆ, ಜನರ ನಡುವೆ ನಿಂತು ಅವರ ಕಷ್ಟನಿವಾರಣೆಯನ್ನೇ ಕಾಯಕವಾಗಿ ಮಾಡಿಕೊಂಡವರನ್ನು ಈ ಲೇಖನದಲ್ಲಿ ಸಮಾಜಸೇವಕರೆಂದು ಕರೆದಿದೆ. ವಿಜ್ಞಾನಿಗಳಾಗಿದ್ದು ಪ್ರಯೋಗಶಾಲೆಯನ್ನು ಬಿಟ್ಟು ಹಳ್ಳಿಗೆ ನಡೆದವರೂ ಈ ವರ್ಗಕ್ಕೆ ಸೇರುತ್ತಾರೆ. ನಿರ್ಮಲವಾದ ಇಂಧನದ ವಿಷಯದಲ್ಲಿ ಇವರು ರಾಜ್ಯದ ಧೋರಣೆಯನ್ನು ಹೇಗೆ ರೂಪಿಸಿದರು, ರಾಜ್ಯವು ಇವರಿಂದ ಏನನ್ನು ತೆಗೆದುಕೊಂಡಿತು, ಏನನ್ನು ಬಿಟ್ಟಿತು ಎಂಬುದನ್ನು ನಿರೂಪಿಸುವುದೇ ಇಲ್ಲಿನ ಉದ್ದೇಶ.

ವಿಷಯವಿಭಾಗಕ್ಕಾಗಿ ಮೀಮಾಂಸಕರ ಒಂದು ಕ್ರಮವನ್ನು ಆಶ್ರಯಿಸುವೆವು. ಯಾವ ವಿಧಿಯಾದರೂ ಮೂರು ಆಕಾಂಕ್ಷೆಗಳನ್ನು ಪೂರೈಸಬೇಕೆಂದು ಅವರು ಹೇಳುತ್ತಾರೆ: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಇವಕ್ಕೆ ಕ್ರಮವಾಗಿ ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂದು ಹೆಸರು. ಸರ್ಕಾರದ ಯೋಜನೆಯೂ ಒಂದು ವಿಧಿಯೇ. ನಮ್ಮ ಇಂಧನನೀತಿಯು ಮೊದಲಿನ ಎರಡಕ್ಕೆ ಸಮಾಜಸೇವಕರಿಂದ ಉತ್ತರವನ್ನು ಪಡೆಯಿತು. ಮೂರನೆಯದಕ್ಕೂ ಅವರಲ್ಲಿ ಉತ್ತರವಿದ್ದಿತು, ಆದರೆ ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು ಎಂಬುದು ಈ ಲೇಖನದ ಪ್ರತಿಜ್ಞೆ.

೨. ವಾರ್ಧಾದ ಪ್ರಯೋಗಗಳು

೧೯೩೪ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ವಾರ್ಧಾದಲ್ಲಿ ಸ್ಥಾಪಿತವಾಯಿತು. ಅದರ ಕಾರ್ಯಭಾರವನ್ನು ಹೊತ್ತವರು ಜೆ. ಸಿ. ಕುಮಾರಪ್ಪನವರು (೧೮೯೨–೧೯೬೦). ತಂಜಾವೂರಿನಲ್ಲಿ ಜನಿಸಿ, ಲಂಡನ್ನಿನಲ್ಲಿ ಲೆಕ್ಕಪರಿಶೋಧಕರಾಗಿ ತರಬೇತಿ ಹೊಂದಿ, ಅಮೆರಿಕದಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗಮಾಡಿ ಬಂದ ಈ ಮಹನೀಯರು ಎಣ್ಣೆಯ ಗಾಣ, ಕೈಕಾಗದ, ಬೆಲ್ಲ ಮುಂತಾದವುಗಳ ನಡುವೆ ದೀಪವನ್ನೂ ಒಲೆಯನ್ನೂ ವಿಚಾರಕ್ಕೆ ತಂದರು. ಸಂಘದ ನೆಲೆಯಾದ ಮಗನವಾಡಿಯ ಹೆಸರಿನಿಂದ, ಸೀಮೆಎಣ್ಣೆಗೆ ಬದಲಾಗಿ ಊರಿನ ಎಣ್ಣೆಯಿಂದ ಉರಿಯುವ ದೀಪಕ್ಕೆ ಮಗನದೀಪವೆಂದೂ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಒಲೆಗೆ ಮಗನಚುಲ್ಹಾ ಎಂದೂ ಹೆಸರಾಯಿತು.

ವಸ್ತುಗಳಿಗಿಂತಲೂ ಮುಖ್ಯವಾದುದು ಅವುಗಳ ಹಿಂದಿನ ವಿಚಾರವು. ೧೯೪೨ರ ಚಳವಳಿಯ ನಂತರ ಜಬಲಪುರದ ಸೆರೆಮನೆಯಲ್ಲಿ ಬರೆದು ೧೯೪೫ರಲ್ಲಿ ಪ್ರಕಟಿಸಿದ ತಮ್ಮ ಶಾಶ್ವತ ಅರ್ಥವ್ಯವಸ್ಥೆಯ ಗ್ರಂಥದಲ್ಲಿ ಕುಮಾರಪ್ಪನವರು ಪ್ರಕೃತಿಯ ಸಂಪತ್ತನ್ನು ಎರಡಾಗಿ ವಿಂಗಡಿಸುತ್ತಾರೆ. ಕಲ್ಲಿದ್ದಲು, ಕಲ್ಲೆಣ್ಣೆ, ಲೋಹಗಳು ತೆಗೆದಷ್ಟೂ ಕಡಿಮೆಯಾಗುವ ಕಣಜದಂತೆ. ಬೆಳೆ, ಮರ, ಹರಿವ ನೀರು ಮೊದಲಾದವು ಕ್ರಮವರಿತು ಬಳಸಿದರೆ ಮತ್ತೆ ಮತ್ತೆ ತುಂಬುವ ಒರತೆಯಂತೆ. ಮೊದಲನೆಯದನ್ನು ನಂಬಿದ ಬಾಳು ಕ್ಷಣಿಕವೂ ಕಲಹಕಾರಿಯೂ ಆಗುವುದು, ಎರಡನೆಯದನ್ನು ನಂಬಿದ ಬಾಳು ಶಾಶ್ವತವಾಗುವುದು ಎಂಬುದು ಅವರ ಸಿದ್ಧಾಂತ. ಪುನರ್ನವೀಕರಣವೆಂಬ ಮಾತು ಸರ್ಕಾರದ ಕಡತಗಳಿಗೆ ಬರುವುದಕ್ಕೆ ದಶಕಗಳ ಹಿಂದೆಯೇ ಈ ವಿಂಗಡಣೆಯು ಗ್ರಾಮಸೇವಕರ ಬಾಯಲ್ಲಿದ್ದಿತು. ಹೀಗೆ ನೀತಿಯ ‘ಸಾಧ್ಯ’ವು ಮೊದಲು ನಿರ್ಣಯವಾದುದು ಮಂತ್ರಾಲಯದಲ್ಲಲ್ಲ, ಆಶ್ರಮದಲ್ಲಿ ಎಂಬುದನ್ನು ಗಮನಿಸಬೇಕು.

ಇದೇ ಮಾರ್ಗದಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ನಿರ್ದೇಶಕರಾಗಿದ್ದ ಡಾ|| ಎಸ್. ಪಿ. ರಾಜು ಅವರು ಮಣ್ಣಿನಿಂದಲೇ ಕಟ್ಟಬಹುದಾದ ಹೊಗೆರಹಿತ ಒಲೆಯನ್ನು ರೂಪಿಸಿ, ೧೯೫೩ರಲ್ಲಿ ಅದರ ವಿಷಯವಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಕೋಟ್ಯಂತರ ಬಡ ಅಡಿಗೆಮನೆಗಳನ್ನು ಉದ್ದೇಶಿಸಿ ಒಬ್ಬ ಎಂಜಿನಿಯರು ಒಲೆಯ ಮೇಲೆ ಪುಸ್ತಕ ಬರೆದುದು ಅಂದಿಗೆ ಹೊಸ ಸಂಗತಿಯೇ ಸರಿ.

೩. ಗೋಬರ್ ಗ್ಯಾಸು: ಆಶ್ರಮದಿಂದ ಆಯೋಗಕ್ಕೆ

ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ಹೊಗೆ ಬರುವುದಲ್ಲದೆ ಹೊಲಕ್ಕೆ ಸೇರಬೇಕಾದ ಗೊಬ್ಬರವೂ ಬೂದಿಯಾಗುತ್ತದೆ. ಅದೇ ಸಗಣಿಯನ್ನು ನೀರಿನಲ್ಲಿ ಕಲಸಿ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಮೀಥೇನ್ ಪ್ರಧಾನವಾದ ಅನಿಲವೊಂದು ಹುಟ್ಟಿ ಹೊಗೆಯಿಲ್ಲದೆ ನೀಲಿಯಾಗಿ ಉರಿಯುತ್ತದೆ. ಉಳಿದ ಬಗ್ಗಡವು ಉತ್ತಮವಾದ ಗೊಬ್ಬರವಾಗುತ್ತದೆ. ಈ ತತ್ತ್ವವು ನಮ್ಮಲ್ಲಿ ಬಹಳ ಹಿಂದೆಯೇ ಪ್ರಯೋಗಕ್ಕೆ ಬಂದಿತ್ತು. ೧೮೯೭ರಲ್ಲಿ ಮುಂಬಯಿಯ ಮಾಟುಂಗಾದ ಕುಷ್ಠಾಶ್ರಮದಲ್ಲಿ ಮಲದಿಂದ ಅನಿಲವನ್ನು ಪಡೆದರು. ದಿಲ್ಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು ೧೯೩೯ರ ಸುಮಾರಿಗೆ ಸಗಣಿಯಿಂದ ಪ್ರಯೋಗ ನಡೆಸಿದರು. ಆದರೆ ಪ್ರಯೋಗವು ಪ್ರಯೋಗವಾಗಿಯೇ ಉಳಿದಿತ್ತು. ರೈತನ ಹಿತ್ತಿಲಿಗೆ ಬರಲಿಲ್ಲ.

ಹಿತ್ತಿಲಿಗೆ ತಂದವರು ಗ್ರಾಮಸೇವೆಯ ಮಾರ್ಗದವರು. ಜಶಭಾಯಿ ಪಟೇಲರು ೧೯೫೦ರ ದಶಕದಲ್ಲಿ, ಬಾವಿಯಂತೆ ಕಟ್ಟಿದ ತೊಟ್ಟಿಯ ಮೇಲೆ ಕಬ್ಬಿಣದ ಡೋಲು ತೇಲುವಂತೆ ಮಾಡಿ, ಅನಿಲವು ತುಂಬಿದಾಗ ಡೋಲು ಮೇಲೇಳುವ, ಬಳಸಿದಾಗ ಕೆಳಗಿಳಿಯುವ ಸರಳವಾದ ಸ್ಥಾವರವನ್ನು ರೂಪಿಸಿ ಅದಕ್ಕೆ ‘ಗ್ರಾಮಲಕ್ಷ್ಮೀ’ ಎಂದು ಹೆಸರಿಟ್ಟರು. ಬಂಗಾಳದಲ್ಲಿ, ಪ್ರಫುಲ್ಲಚಂದ್ರ ರಾಯರ ಶಿಷ್ಯರೂ ರಸಾಯನಶಾಸ್ತ್ರಜ್ಞರೂ ಆಗಿದ್ದು ಖಾದಿ ಪ್ರತಿಷ್ಠಾನವನ್ನು ಕಟ್ಟಿದ ಸತೀಶಚಂದ್ರ ದಾಸಗುಪ್ತರು ಇದೇ ಕೆಲಸವನ್ನು ಹಿಡಿದರು. ಕೊಂಕಣದ ಕಣಕವಲಿಯ ಬಳಿ ಗೋಪುರಿಯಲ್ಲಿ, ಭಂಗಿಗಳ ಕೆಲಸವನ್ನು ತಾವೇ ಕೈಯಾರೆ ಮಾಡುತ್ತಿದ್ದ ಅಪ್ಪಾಸಾಹೇಬ ಪಟವರ್ಧನರು (೧೮೯೪–೧೯೭೧) ಶೌಚಾಲಯವನ್ನೂ ಅನಿಲಸ್ಥಾವರವನ್ನೂ ಜೋಡಿಸಿದರು. ಇವರಿಗೆ ಇಂಧನವು ಪ್ರತ್ಯೇಕವಾದ ವಿಷಯವಾಗಿ ತೋರಲಿಲ್ಲ. ಗೊಬ್ಬರ, ನೈರ್ಮಲ್ಯ, ಗೋರಕ್ಷಣೆ, ಹೆಂಗಸಿನ ಕಣ್ಣು, ಜಾತಿಯ ಕಳಂಕ ಇವೆಲ್ಲವೂ ಒಂದೇ ತೊಟ್ಟಿಯಲ್ಲಿ ಸೇರಿದ್ದವು.

ಈ ವಸ್ತುವು ನೀತಿಯಾದ ಬಗೆಯು ವಿಚಾರಾರ್ಹವಾದುದು. ೧೯೫೩ರಲ್ಲಿ ಕೇಂದ್ರ ಸರ್ಕಾರವು ಅಖಿಲ ಭಾರತ ಖಾದಿ ಮತ್ತು ಗ್ರಾಮೋದ್ಯೋಗ ಮಂಡಲಿಯನ್ನು ನೇಮಿಸಿತು. ೧೯೫೬ರ ಶಾಸನದ ಮೂಲಕ ಅದರ ಸ್ಥಾನದಲ್ಲಿ ಆಯೋಗವೊಂದು ಏರ್ಪಟ್ಟು ೧೯೫೭ರಿಂದ ಕೆಲಸಕ್ಕೆ ತೊಡಗಿತು. ಅದರ ಅಧ್ಯಕ್ಷರಾದವರು ಸಹಕಾರ ಚಳವಳಿಯಲ್ಲಿ ಜೀವನವನ್ನು ಸವೆಯಿಸಿದ ವೈಕುಂಠಲಾಲ ಮೆಹತಾ ಅವರು. ೧೯೬೧-೬೨ರಲ್ಲಿ ಆಯೋಗವು ಪಟೇಲರ ಮಾದರಿಯನ್ನು ಅಂಗೀಕರಿಸಿ, ಸಹಾಯಧನವನ್ನಿತ್ತು ಹಳ್ಳಿಗಳಲ್ಲಿ ಪ್ರಚಾರಕ್ಕೆ ತಂದಿತು. ಇಲ್ಲಿ ಸಮಾಜಸೇವಕರು ಸರ್ಕಾರದ ಬಾಗಿಲಲ್ಲಿ ನಿಂತು ಬೇಡಿದವರಲ್ಲ. ಸರ್ಕಾರವೇ ತನ್ನ ಒಂದು ಪೀಠವನ್ನು ಅವರಿಗೆ ಬಿಟ್ಟುಕೊಟ್ಟಿತು. ಆದುದರಿಂದಲೇ ಯಾವ ಇಂಧನಮಂತ್ರಾಲಯವೂ ಅಡಿಗೆಯ ಒಲೆಯನ್ನು ನೆನೆಯದಿದ್ದ ಕಾಲದಲ್ಲಿ ಗ್ರಾಮೋದ್ಯೋಗದ ಹೆಸರಿನಲ್ಲಿ ಒಂದು ಇಂಧನನೀತಿಯು ನಡೆದುಬರುತ್ತಿತ್ತು.

ಆ ನೀತಿಯಲ್ಲಿ ದೋಷವಿರಲಿಲ್ಲವೆಂದು ಹೇಳುವಂತಿಲ್ಲ. ಒಂದು ಕುಟುಂಬದ ಸ್ಥಾವರಕ್ಕೆ ನಾಲ್ಕೈದು ದನಗಳಾದರೂ ಬೇಕು. ಕಬ್ಬಿಣದ ಡೋಲಿನ ಬೆಲೆಯೂ ಕಡಿಮೆಯಲ್ಲ. ಹೀಗಾಗಿ ಅದು ದನಕರುಗಳಿದ್ದ ಅನುಕೂಲಸ್ಥರ ಸೊತ್ತಾಯಿತು. ಅಷ್ಟೇ ಅಲ್ಲ, ಬೀದಿಯ ಸಗಣಿಯನ್ನು ಆಯ್ದು ಬೆರಣಿ ತಟ್ಟಿ ಬದುಕುತ್ತಿದ್ದ ಬಡವರಿಗೆ, ಸಗಣಿಗೆ ಬೆಲೆ ಬಂದೊಡನೆ ಇದ್ದ ಇಂಧನವೂ ಕೈತಪ್ಪುವ ಭಯವುಂಟಾಯಿತು. ಈ ಆಕ್ಷೇಪವನ್ನು ಎತ್ತಿದವರೂ ಹಳ್ಳಿಗಳಲ್ಲಿ ಕೆಲಸಮಾಡುತ್ತಿದ್ದವರೇ ಎಂಬುದು ಸ್ಮರಣೀಯವು.

ಅದಕ್ಕೆ ಪರಿಹಾರವು ಎರಡು ಹೆಜ್ಜೆಗಳಲ್ಲಿ ಬಂದಿತು. ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಅಜೀತಮಲದಲ್ಲಿದ್ದ ಗೋಬರ್ ಗ್ಯಾಸ್ ಸಂಶೋಧನ ಕೇಂದ್ರವು ೧೯೭೮ರಲ್ಲಿ ಡೋಲನ್ನು ಬಿಟ್ಟು ಇಟ್ಟಿಗೆಯ ಗುಮ್ಮಟವನ್ನೇ ಕಟ್ಟುವ ‘ಜನತಾ’ ಮಾದರಿಯನ್ನು ತಂದಿತು. ೧೯೬೬ರಲ್ಲಿ ಹುಟ್ಟಿದ ಆಫ್ಪ್ರೋ ಎಂಬ ಸೇವಾಸಂಸ್ಥೆಯು ೧೯೮೪ರಲ್ಲಿ ಇನ್ನೂ ಅಗ್ಗವಾದ ‘ದೀನಬಂಧು’ ಮಾದರಿಯನ್ನು ರೂಪಿಸಿತು. ೧೯೮೧-೮೨ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಬಯೋಗ್ಯಾಸ್ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದ್ದಿತು. ದೀನಬಂಧುವು ಆ ಯೋಜನೆಯ ಅಂಗೀಕೃತ ಮಾದರಿಗಳಲ್ಲಿ ಒಂದಾಯಿತು. ಆಫ್ಪ್ರೋ ಸಂಸ್ಥೆಯು ಬರಿಯ ನಕಾಶೆಯನ್ನು ಕೊಟ್ಟು ಸುಮ್ಮನಾಗಲಿಲ್ಲ. ನಾನಾ ಪ್ರಾಂತಗಳ ಚಿಕ್ಕ ಸೇವಾಸಂಸ್ಥೆಗಳನ್ನು ಒಂದು ಜಾಲದಲ್ಲಿ ಹೆಣೆದು, ಗಾರೆಯವರಿಗೆ ಗುಮ್ಮಟ ಕಟ್ಟುವ ಕೈಚಳಕವನ್ನು ಕಲಿಸಿತು. ಸಾಧನದ ಜೊತೆಗೆ ಇತಿಕರ್ತವ್ಯತೆಯೂ ಬಂದಲ್ಲಿ ಫಲವು ಹೇಗಿರುವುದೆಂಬುದಕ್ಕೆ ಇದು ಒಂದು ನಿದರ್ಶನವು. ಇದುವರೆಗೆ ದೇಶದಲ್ಲಿ ಕಟ್ಟಲಾದ ಕುಟುಂಬಸ್ಥಾವರಗಳ ಸಂಖ್ಯೆ ಸುಮಾರು ೫೦ ಲಕ್ಷ.

೪. ಕರ್ನಾಟಕದಲ್ಲಿ: ಉಂಗ್ರ, ಪುರ, ಶಿರಸಿ

ಕನ್ನಡನಾಡಿನಲ್ಲಿ ಈ ಚರಿತ್ರೆಯ ಮುಖ್ಯ ಅಧ್ಯಾಯವು ೧೯೭೪ರಲ್ಲಿ ಆರಂಭವಾಗುತ್ತದೆ. ಬೆಂಗಳೂರಿನಲ್ಲಿ ಜನಿಸಿದ ವಿದ್ಯುದ್ರಸಾಯನಶಾಸ್ತ್ರಜ್ಞರಾದ ಅಮೂಲ್ಯ ಕುಮಾರ ಎನ್. ರೆಡ್ಡಿಯವರು (೧೯೩೦–೨೦೦೬) ಭಾರತೀಯ ವಿಜ್ಞಾನ ಮಂದಿರದಲ್ಲಿ ಸಹೋದ್ಯೋಗಿಗಳೊಡನೆ ‘ಅಸ್ತ್ರ’ ಎಂಬ ಕೇಂದ್ರವನ್ನು ಸ್ಥಾಪಿಸಿದರು. ಗ್ರಾಮಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವುದೆಂಬ ಅರ್ಥದ ಇಂಗ್ಲಿಷ್ ಮಾತುಗಳ ಆದ್ಯಕ್ಷರಗಳಿಂದ ಆ ಹೆಸರು ಏರ್ಪಟ್ಟಿತು; ಆದರೆ ನಮ್ಮ ಜನರು ಅದನ್ನು ಸಂಸ್ಕೃತದ ಅಸ್ತ್ರವೆಂದೇ ಗ್ರಹಿಸಿದರು. ಮುಂದೆ ಆ ಕೇಂದ್ರದವರು ರೂಪಿಸಿದ ಮೂರು ಪಾತ್ರೆಗಳ ಒಲೆಗೆ ‘ಅಸ್ತ್ರ ಒಲೆ’ ಎಂಬ ಹೆಸರು ನಿಂತಿತು. ಒಲೆಯೆಂಬ ಪ್ರಾಚೀನ ದ್ರಾವಿಡ ಶಬ್ದವೂ, ತಮಿಳಿನಲ್ಲಿ ಅದು ಉಲೈ, ಸಂಸ್ಕೃತದ ಅಸ್ತ್ರಶಬ್ದವೂ, ಇಂಗ್ಲಿಷಿನ ಅಕ್ಷರಸಂಕೇತವೂ ಒಂದೇ ಸಮಾಸದಲ್ಲಿ ಕೂಡಿಕೊಂಡದ್ದು ಭಾಷಾಚರಿತ್ರೆಯ ವಿದ್ಯಾರ್ಥಿಗಳಿಗೆ ಕುತೂಹಲಕರವಾದೀತು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರವು ತನ್ನ ವಿಸ್ತರಣ ಶಾಖೆಯನ್ನು ತೆರೆದು, ಸುತ್ತಲಿನ ಆರು ಹಳ್ಳಿಗಳಲ್ಲಿ ಇಂಧನದ ಬಳಕೆಯನ್ನು ಮನೆಮನೆಗೂ ಹೋಗಿ ಅಳೆಯಿತು. ಹಳ್ಳಿಯ ಶಕ್ತಿಯಲ್ಲಿ ಬಹುಭಾಗವು ಸೌದೆಯೆಂದೂ, ಅದರ ಬಹುಭಾಗವು ಅಡಿಗೆಗೆ ಸಲ್ಲುವುದೆಂದೂ ತಿಳಿದುಬಂದಿತು. ಅಡಿಗೆಗೆ ಸೇರುವ ಸೌದೆಯು ಹೆಚ್ಚಾಗಿ ಕಡಿದ ಮರವಲ್ಲ, ಆಯ್ದು ತಂದ ಪುಳ್ಳೆ ರೆಂಬೆಗಳೆಂದೂ ತಿಳಿಯಿತು. ಹಳ್ಳಿಯ ಒಟ್ಟು ಮಾನುಷ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಹೆಂಗಸರದೆಂಬುದು ಲೆಕ್ಕದಿಂದ ಸಿದ್ಧವಾಯಿತು. ಕಾಡಿನ ನಾಶಕ್ಕೆ ಬಡವಳ ಒಲೆಯೇ ಕಾರಣವೆಂದು ಹೇಳುತ್ತಿದ್ದವರಿಗೆ ಇದು ಪ್ರಮಾಣಪೂರ್ವಕವಾದ ಉತ್ತರವಾಯಿತು. ಕರುಣೆಯಿಂದ ಆಡಿದ ಮಾತನ್ನು ಸರ್ಕಾರವು ಕೇಳಿ ಮರೆಯಬಹುದು. ಅಂಕಿಗಳಿಂದ ನಿಂತ ಮಾತನ್ನು ಮರೆಯುವುದು ಅಷ್ಟು ಸುಲಭವಲ್ಲ.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ೧೯೮೦ರ ದಶಕದ ಆದಿಯಲ್ಲಿ ಊರಿಗೆಲ್ಲ ಸಾಮಾನ್ಯವಾದ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿ, ಪ್ರತಿ ಮನೆಯ ಅಡಿಗೆಗೂ ಅನಿಲವನ್ನು ಒದಗಿಸುವ ಯತ್ನವು ನಡೆಯಿತು. ಅದು ಫಲಿಸಲಿಲ್ಲ. ಊರಿನ ಸಗಣಿಯಿಂದ ಹುಟ್ಟುವ ಅನಿಲವು ಎಲ್ಲರ ಅಡಿಗೆಗೆ ಸಾಲದಾಯಿತು. ಸೌದೆಗೆ ಹಣ ಕೊಡದಿದ್ದ ಜನರಿಗೆ ಇದರಲ್ಲಿ ಉತ್ಸಾಹವೂ ಹುಟ್ಟಲಿಲ್ಲ. ಆಗ ಕಾರ್ಯಕರ್ತರು ಊರವರನ್ನು ದೂಷಿಸದೆ, ನಿಮಗೆ ಮೊದಲು ಬೇಕಾದುದೇನು ಎಂದು ಕೇಳಿದರು. ಕುಡಿಯುವ ನೀರು ಎಂಬ ಉತ್ತರ ಬಂದಿತು. ೧೯೮೭ರಲ್ಲಿ ಅದೇ ಅನಿಲದಿಂದ ಡೀಸೆಲ್ ಎಂಜಿನನ್ನು ಓಡಿಸಿ, ವಿದ್ಯುತ್ತನ್ನು ಪಡೆದು, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಏರಿಸಿ ಮನೆಗಳಿಗೆ ದೀಪಗಳನ್ನು ಕೊಡುವ ವ್ಯವಸ್ಥೆಯು ಏರ್ಪಟ್ಟಿತು. ಸಗಣಿಯನ್ನು ತಂದುಕೊಟ್ಟವರಿಗೆ ತೂಕಕ್ಕೆ ತಕ್ಕ ಹಣ. ಬಗ್ಗಡವನ್ನು ಕೊಟ್ಟ ಸಗಣಿಗೆ ಅನುಗುಣವಾಗಿ ಹಿಂದಿರುಗಿಸುವಿಕೆ. ಲೆಕ್ಕವೆಲ್ಲ ಊರವರ ಸಮಿತಿಯದು. ಈ ವ್ಯವಸ್ಥೆಯು ಸುಮಾರು ಹತ್ತು ವರ್ಷಗಳ ಕಾಲ ನಡೆಯಿತು. ಮೊದಲನೆಯ ಪ್ರಯತ್ನಕ್ಕೂ ಎರಡನೆಯದಕ್ಕೂ ಸಾಧನವು ಒಂದೇ, ತೊಟ್ಟಿಯೂ ಸಗಣಿಯೂ ಒಂದೇ. ಭೇದವಿದ್ದುದು ಹೇಗೆಂಬುದರಲ್ಲಿ, ಅದರಿಂದ ಏನೆಂಬುದೂ ಬದಲಾಯಿತು.

ಪುರದ ಅನುಭವವು ಊರಿನ ಗಡಿಯಲ್ಲೇ ನಿಲ್ಲಲಿಲ್ಲ. ರೆಡ್ಡಿಯವರು ಬ್ರೆಜಿಲ್, ಸ್ವೀಡನ್, ಅಮೆರಿಕ ದೇಶಗಳ ಮೂವರು ವಿದ್ವಾಂಸರೊಡನೆ ಸೇರಿ ೧೯೮೮ರಲ್ಲಿ ಪ್ರಕಟಿಸಿದ ಸುಸ್ಥಿರ ಜಗತ್ತಿನ ಶಕ್ತಿವಿಚಾರದ ಗ್ರಂಥದಲ್ಲಿ ಶಕ್ತಿಯು ಉದ್ದೇಶವಲ್ಲ, ಶಕ್ತಿಯಿಂದ ಸಲ್ಲುವ ಸೇವೆಯೇ ಉದ್ದೇಶವೆಂಬ ವಿಚಾರವು ಪ್ರತಿಪಾದಿತವಾಗಿದೆ. ಎಷ್ಟು ವಿದ್ಯುತ್ತನ್ನು ಉತ್ಪಾದಿಸಿದೆವೆಂದಲ್ಲ, ಎಷ್ಟು ಮನೆಗಳಲ್ಲಿ ನೀರು, ಬೆಳಕು, ಬೆಂದ ಅನ್ನ ದೊರೆತವೆಂದು ನೀತಿಯನ್ನು ಅಳೆಯಬೇಕು ಎಂಬುದು ಇದರ ಸಾರ. ರಾಷ್ಟ್ರಗಳ ಇಂಧನಚರ್ಚೆಯಲ್ಲಿ ಈ ಮಾತು ಇಂದು ಸಾಮಾನ್ಯವಾಗಿ ಕೇಳಿಬರುತ್ತದೆ.

ಮಲೆನಾಡಿನ ಕಡೆಗೆ ತಿರುಗಿದರೆ, ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿಯು ಮೊದಲಾಯಿತು. ಮರವನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದುದಷ್ಟೇ ಹಲವರಿಗೆ ನೆನಪಿರುತ್ತದೆ. ಆದರೆ ಉಳಿಸು, ಬೆಳೆಸು, ಬಳಸು ಎಂಬ ಅವರ ಮೂರು ಸೂತ್ರಗಳಲ್ಲಿ ಕೊನೆಯದು ಹಿತಮಿತವಾದ ಬಳಕೆಗೆ ಸಂಬಂಧಪಟ್ಟುದು. ಅದಕ್ಕಾಗಿ ಕಾರ್ಯಕರ್ತರು ಸೌದೆಯನ್ನು ಉಳಿಸುವ ಒಲೆಗಳನ್ನು ಮನೆಗಳಲ್ಲಿ ಕಟ್ಟಿಸಿದರು. ಸರ್ಕಾರದ ಸಹಾಯಧನಕ್ಕಾಗಿ ಕಾದು ಕುಳಿತುಕೊಳ್ಳಲಿಲ್ಲ. ಅದೇ ಶಿರಸಿ ತಾಲ್ಲೂಕಿನಲ್ಲಿ ಅಡಿಕೆ ತೋಟದವರ ಮನೆಗಳ ಗೋಬರ್ ಗ್ಯಾಸನ್ನು ವಿಜ್ಞಾನ ಮಂದಿರದ ಸಂಶೋಧಕರು ಪರಿಶೀಲಿಸಿ ೨೦೦೧ರಲ್ಲಿ ವರದಿಯನ್ನು ಪ್ರಕಟಿಸಿದರು. ಅನೇಕ ಕಡೆ ಸ್ಥಾವರಗಳು ಕೆಟ್ಟು ನಿಂತಿದ್ದ ಕಾಲದಲ್ಲಿ ಅವರು ನೋಡಿದ ಹಳ್ಳಿಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ನಡೆಯುತ್ತಿದ್ದವು. ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆಯಲ್ಲಿ ದನಗಳುಂಟು ಎಂಬುದು ಒಂದು ಕಾರಣ. ಸ್ಥಾವರವನ್ನು ಕಟ್ಟಿದ ಸ್ಥಳೀಯನೇ ಸಾಲದ ಕಾಗದಪತ್ರಗಳಿಂದ ಹಿಡಿದು ಮುಂದಿನ ದುರಸ್ತಿಯವರೆಗೆ ಹೊಣೆ ಹೊರುತ್ತಿದ್ದನೆಂಬುದು ಇನ್ನೊಂದು ಕಾರಣ. ಕೆಟ್ಟಾಗ ಕರೆದರೆ ಬರುವವನೊಬ್ಬನಿರಬೇಕು. ಇದಕ್ಕಿಂತ ಸರಳವಾದ ನೀತಿತತ್ತ್ವವಿಲ್ಲ. ಯೋಜನೆಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಮರೆತುಹೋದದ್ದೂ ಇಲ್ಲ.

೫. ನಾಡಾ ಒಲೆಯೂ ರಾಷ್ಟ್ರೀಯ ಯೋಜನೆಯೂ

ಆ ಮರೆವಿನ ಪರಿಣಾಮವನ್ನು ತಿಳಿಯಬೇಕಾದರೆ ಉತ್ತರಕ್ಕೆ ಹೋಗಬೇಕು. ಚಂಡೀಗಢದ ಬಳಿ ಹರಿಯಾಣದ ಶಿವಾಲಿಕ ಗುಡ್ಡಗಳ ತಪ್ಪಲಿನ ನಾಡಾ ಎಂಬ ಹಳ್ಳಿಯಲ್ಲಿ ವಾಸ್ತುಶಿಲ್ಪಿ ಮಧು ಸರೀನ್ ಅವರು ಹೆಂಗಸರ ಜೊತೆ ಕುಳಿತು ಹೊಗೆರಹಿತ ಒಲೆಯನ್ನು ರೂಪಿಸಿದರು. ಕಟ್ಟಿದ ಒಲೆಯನ್ನು ಅಡಿಗೆಯವಳಿಗೆ ಒಪ್ಪಿಸುವುದು ಅವರ ಕ್ರಮವಲ್ಲ. ಅವಳ ಪಾತ್ರೆಯ ಅಳತೆ, ರೊಟ್ಟಿ ಸುಡುವ ರೀತಿ, ಅವಳು ಕುಳಿತುಕೊಳ್ಳುವ ಎತ್ತರ ಇವನ್ನು ಕೇಳಿ ಒಲೆಯನ್ನು ತಿದ್ದುತ್ತ ಹೋಗುವುದು, ಹಳ್ಳಿಯ ಹೆಂಗಸರನ್ನೇ ಒಲೆ ಕಟ್ಟುವ ಕುಶಲಿಗಳನ್ನಾಗಿ ತರಬೇತುಮಾಡುವುದು, ಅವರಿಗೆ ಆ ಕೆಲಸದಿಂದ ಸಂಪಾದನೆಯಾಗುವಂತೆ ನೋಡಿಕೊಳ್ಳುವುದು ಅವರ ಮಾರ್ಗವಾಗಿದ್ದಿತು. ೧೯೮೩ರಲ್ಲಿ ಈ ಒಲೆಯ ಕೈಪಿಡಿಯು ಹೊರಬಿದ್ದಿತು. ಅದೇ ವರ್ಷ, ಗುಜರಾತಿನ ನಾಲ್ಕು ಹಳ್ಳಿಗಳ ಹೆಂಗಸರು ಅಡಿಗೆ ಮಾಡುವಾಗ ಎಷ್ಟು ಹೊಗೆಯನ್ನು ಸೇವಿಸುತ್ತಾರೆಂದು ಉಪಕರಣಗಳಿಂದ ಅಳೆದ ಕಿರ್ಕ್ ಸ್ಮಿತ್ ಮತ್ತು ಸಹೋದ್ಯೋಗಿಗಳ ಲೇಖನವೂ ಪ್ರಕಟವಾಯಿತು. ಒಂದು ಕಡೆ ಪರಿಹಾರವು ಸಿದ್ಧವಾಗಿತ್ತು. ಇನ್ನೊಂದು ಕಡೆ ರೋಗಕ್ಕೆ ಸಾಕ್ಷ್ಯವು ದೊರೆತಿತ್ತು.

ಸರ್ಕಾರವೂ ಸುಮ್ಮನಿರಲಿಲ್ಲ. ೧೯೮೨ರಲ್ಲಿ ಏರ್ಪಟ್ಟಿದ್ದ ಅಸಾಂಪ್ರದಾಯಿಕ ಶಕ್ತಿಮೂಲಗಳ ಇಲಾಖೆಯು ೧೯೮೩ರ ಡಿಸೆಂ‌ಬರಿನಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮವನ್ನು ಕೈಕೊಂಡು, ಮುಂದೆ ಅದನ್ನು ರಾಷ್ಟ್ರೀಯ ಯೋಜನೆಯಾಗಿ ಬೆಳೆಸಿತು. ಒಲೆಯ ಬೆಲೆಯ ಬಹುಭಾಗವನ್ನು ಸಹಾಯಧನವಾಗಿ ಕೊಡುವುದೆಂದಾಯಿತು. ೨೦೦೨ರಲ್ಲಿ ಕೇಂದ್ರವು ಈ ಯೋಜನೆಯನ್ನು ಕೈಬಿಡುವ ವೇಳೆಗೆ ೩ ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿದುದಾಗಿ ಲೆಕ್ಕವಿತ್ತು. ಆದರೆ ಹಂಚಿದ ಒಲೆಗಳಲ್ಲಿ ದೊಡ್ಡ ಭಾಗವು ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟು, ಕೊಳವೆ ಕಟ್ಟಿಕೊಂಡು, ಬಳಕೆ ತಪ್ಪಿತು. ಕಾರಣವು ಸ್ಪಷ್ಟವಾಗಿದೆ. ವರ್ಷಕ್ಕೆ ಇಷ್ಟು ಒಲೆಗಳೆಂದು ಮೇಲಿನಿಂದ ಗುರಿ ಬಂದಿತು. ಸಂಖ್ಯೆಯನ್ನು ತುಂಬಿಸುವ ಅವಸರದಲ್ಲಿ ಅಡಿಗೆಯವಳ ಪಾತ್ರೆಯ ಅಳತೆಯನ್ನು ಕೇಳುವವರಿಲ್ಲದಾದರು. ಕಟ್ಟಿದ ಮರುದಿನ ಒಲೆಯು ಲೆಕ್ಕಕ್ಕೆ ಸೇರುತ್ತಿತ್ತು. ಮರುವರ್ಷ ಅದು ಉರಿಯುತ್ತಿದೆಯೇ ಎಂಬುದು ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನಾಡಾದಿಂದ ಒಲೆಯು ದಿಲ್ಲಿಗೆ ಹೋಯಿತು. ಒಲೆಯ ಮುಂದೆ ಕುಳಿತು ಕೇಳುವ ಕ್ರಮವು ನಾಡಾದಲ್ಲಿಯೇ ಉಳಿಯಿತು.

೬. ಆಕ್ಷೇಪಗಳೂ ಸಮಾಧಾನಗಳೂ

ಇಲ್ಲಿ ಮೂರು ಆಕ್ಷೇಪಗಳು ಬರಬಹುದು.

ಮೊದಲನೆಯದು: ಈ ನೀತಿಗಳಿಗೆಲ್ಲ ಕಾರಣವು ಸಮಾಜಸೇವಕರಲ್ಲ, ೧೯೭೩ರಲ್ಲಿ ಕಲ್ಲೆಣ್ಣೆಯ ಬೆಲೆ ಏರಿದುದು ಎಂದು. ಆ ವರ್ಷದ ನಂತರವೇ ಗೋಬರ್ ಗ್ಯಾಸಿಗೆ ಸರ್ಕಾರದ ಗಮನವು ವಿಶೇಷವಾಗಿ ಸಂದಿತೆಂಬುದು ನಿಜ. ಆದರೆ ನಿಮಿತ್ತವೇ ಬೇರೆ, ಉಪಾದಾನವೇ ಬೇರೆ. ಎಣ್ಣೆಯ ಬೆಲೆ ಸರ್ಕಾರವನ್ನು ಎಚ್ಚರಿಸಿತು. ಎಚ್ಚತ್ತ ಸರ್ಕಾರವು ಕೈಚಾಚಿದಾಗ ಸಿಕ್ಕಿದುದು ಹತ್ತು ವರ್ಷಗಳಿಂದ ಖಾದಿ ಆಯೋಗವು ಕಟ್ಟುತ್ತ ಬಂದಿದ್ದ ಸ್ಥಾವರವು. ಜೇಡಿಮಣ್ಣನ್ನು ಹದಮಾಡಿ ಇಟ್ಟವರಿಲ್ಲದಿದ್ದರೆ ಚಕ್ರವು ತಿರುಗಿ ಪ್ರಯೋಜನವಿಲ್ಲ.

ಎರಡನೆಯದು: ಸಮಾಜಸೇವಕರು ನೂರಾರು ಮನೆಗಳನ್ನು ಮುಟ್ಟಬಲ್ಲರು, ಕೋಟಿ ಮನೆಗಳನ್ನು ಮುಟ್ಟಲು ರಾಜ್ಯವೇ ಬೇಕು, ಅಷ್ಟು ವಿಸ್ತಾರದಲ್ಲಿ ಅಂತಹ ಆರೈಕೆಯನ್ನು ನಿರೀಕ್ಷಿಸುವುದು ಅನ್ಯಾಯವು ಎಂದು. ಇದರಲ್ಲಿ ಅರ್ಧವು ಒಪ್ಪತಕ್ಕುದು. ರಾಜ್ಯದ ಹಣವಿಲ್ಲದೆ ೫೦ ಲಕ್ಷ ಸ್ಥಾವರಗಳಾಗುತ್ತಿರಲಿಲ್ಲ. ಆದರೆ ಆಫ್ಪ್ರೋವಿನ ಜಾಲವೂ ಶಿರಸಿಯ ಸ್ಥಾವರಗಳೂ ತೋರಿಸುವಂತೆ, ಆರೈಕೆಯನ್ನೂ ಹಂಚಬಹುದು. ಸ್ಥಳೀಯನಿಗೆ ಹೊಣೆಯನ್ನೂ ಆ ಹೊಣೆಗೆ ತಕ್ಕ ಪ್ರತಿಫಲವನ್ನೂ ಕೊಟ್ಟರೆ ಸಾಕು. ಶಿರಸಿಯಲ್ಲಿಯೂ ಸರ್ಕಾರದ ಸಹಾಯಧನವಿತ್ತೆಂಬುದನ್ನು ಮರೆಯಬಾರದು.

ಮೂರನೆಯದು: ಈಗ ಅಡಿಗೆಯ ಅನಿಲದ ಸಿಲಿಂಡರು ಮನೆಮನೆಗೂ ಬಂದಿರುವಾಗ ಮಣ್ಣಿನ ಒಲೆಯ ಚರಿತ್ರೆಯಿಂದ ಏನು ಪ್ರಯೋಜನ ಎಂದು. ೨೦೧೬ರ ಮೇ ೧ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ಜ್ವಲಾ ಯೋಜನೆಯು ಆರಂಭವಾಗಿ, ೨೦೧೯ರ ಸೆಪ್ಟೆಂಬರಿನೊಳಗೆ ೮ ಕೋಟಿ ಬಡ ಕುಟುಂಬಗಳಿಗೆ ಸಂಪರ್ಕ ಕೊಟ್ಟುದು ದೊಡ್ಡ ಸಾಧನೆಯೇ. ಸಂಪರ್ಕವು ಮನೆಯ ಹೆಂಗಸಿನ ಹೆಸರಿನಲ್ಲಿಯೇ ಇರಬೇಕೆಂಬ ನಿಯಮದಲ್ಲಿ, ಅಡಿಗೆಯವಳೇ ಈ ವಿಧಿಗೆ ಅಧಿಕಾರಿಯೆಂದು ಅರ್ಧ ಶತಮಾನದಿಂದ ಹೇಳುತ್ತ ಬಂದವರ ಮಾತಿನ ಪ್ರತಿಧ್ವನಿಯನ್ನು ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡಿಗೆಗೆ ಶುದ್ಧ ಇಂಧನವನ್ನು ಬಳಸುವ ಮನೆಗಳು ೨೦೧೫-೧೬ರಲ್ಲಿ ನೂರಕ್ಕೆ ೪೩.೮ ಇದ್ದುದು ೨೦೧೯-೨೧ರಲ್ಲಿ ೫೮.೬ಕ್ಕೆ ಏರಿತು. ಆದರೆ ಆ ಸಮೀಕ್ಷೆಯ ಕಾಲದಲ್ಲಿಯೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮನೆಗಳಲ್ಲಿ ತಾರ್ಕಿಕರ ದೃಷ್ಟಾಂತವು ಸುಳ್ಳಾಗಿರಲಿಲ್ಲ. ಮನೆಯೊಳಗಿನ ಹೊಗೆಯಿಂದ ೨೦೧೯ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು ೬ ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ರೋಗಗಣಕರು ಅಂದಾಜು ಮಾಡಿದ್ದಾರೆ. ಸಂಪರ್ಕ ಪಡೆದ ಬಡಮನೆಗಳಲ್ಲಿ ಹಲವು ಮುಂದಿನ ಸಿಲಿಂಡರಿಗೆ ಹಣವಿಲ್ಲದೆ ಮತ್ತೆ ಸೌದೆಗೆ ಮರಳಿದುದೂ ತಿಳಿದ ವಿಷಯವೇ. ಇದಲ್ಲದೆ ಸಿಲಿಂಡರಿನ ಅನಿಲವು ಕುಮಾರಪ್ಪನವರ ವಿಂಗಡಣೆಯಲ್ಲಿ ಕಣಜದ ಕಡೆಗೆ ಸೇರಿದುದೇ ಹೊರತು ಒರತೆಯ ಕಡೆಗಲ್ಲ. ಆದುದರಿಂದ ಸಾಧನವು ಬದಲಾದರೂ ಹಳೆಯ ಪ್ರಶ್ನೆಯು ಹಾಗೆಯೇ ನಿಂತಿದೆ: ಕೊಟ್ಟುದನ್ನು ಎಣಿಸಬೇಕೇ, ಉರಿಯುತ್ತಿರುವುದನ್ನು ಎಣಿಸಬೇಕೇ?

೭. ಉಪಸಂಹಾರ

ಮೇಲಿನ ವಿಚಾರದಿಂದ ಸಮಾಜಸೇವಕರು ಇಂಧನನೀತಿಯನ್ನು ನಾಲ್ಕು ಬಗೆಯಲ್ಲಿ ರೂಪಿಸಿದರೆಂದು ತಿಳಿಯುತ್ತದೆ. ಉಪಯೋಗಕ್ಕೆ ಬರುವ ವಸ್ತುವನ್ನು ಮೊದಲು ತಾವೇ ಕಟ್ಟಿ ತೋರಿಸಿದುದು ಒಂದು. ರಾಜ್ಯವು ಪೀಠವನ್ನಿತ್ತಾಗ ಅದನ್ನು ಏರಿ ನೀತಿಯನ್ನು ನಡೆಯಿಸಿದುದು ಎರಡು. ಹಳ್ಳಿಯಲ್ಲಿ ನಿಂತು ಅಳೆದು, ಅಳತೆಯನ್ನು ಸಾಕ್ಷ್ಯವಾಗಿ ಮುಂದಿಟ್ಟುದು ಮೂರು. ರಾಜ್ಯದ ಯೋಜನೆಯನ್ನು ಮನೆಯ ಬಾಗಿಲವರೆಗೆ ತಲುಪಿಸುವ ಕುಶಲಿಗಳನ್ನು ತಯಾರುಮಾಡಿದುದು ನಾಲ್ಕು. ಇವುಗಳಲ್ಲಿ ಮೊದಲಿನ ಮೂರನ್ನು ರಾಜ್ಯವು ಸಂತೋಷದಿಂದ ಸ್ವೀಕರಿಸಿತು. ನಾಲ್ಕನೆಯದನ್ನು ಎಲ್ಲಿ ಸ್ವೀಕರಿಸಿತೋ ಅಲ್ಲಿ ನೀತಿಯು ನಿಂತಿತು. ಎಲ್ಲಿ ಬಿಟ್ಟಿತೋ ಅಲ್ಲಿ ಕಡತವು ತುಂಬಿತು, ಒಲೆಯು ಒಡೆಯಿತು.

ಸೌರಶಕ್ತಿ, ವಾಯುಶಕ್ತಿಗಳ ದೊಡ್ಡ ಯೋಜನೆಗಳನ್ನು ಇಂದು ದೇಶವು ಕೈಕೊಂಡಿದೆ. ಸಾಧ್ಯವು ಉದಾತ್ತವಾದುದು, ಸಾಧನಗಳೂ ಹಿಂದೆಂದೂ ಇಲ್ಲದಷ್ಟು ಸುಲಭವಾಗಿವೆ. ಹೇಗೆಂಬ ಆಕಾಂಕ್ಷೆಗೆ ಉತ್ತರವು ಮಾತ್ರ ವಾರ್ಧಾ, ಪುರ, ಶಿರಸಿ, ನಾಡಾಗಳ ಅಪ್ರಸಿದ್ಧ ಅಡಿಗೆಮನೆಗಳ ಚರಿತ್ರೆಯಲ್ಲಿ ದೊರೆಯುವುದಲ್ಲದೆ ಯಂತ್ರಗಳ ಬೆಲೆಪಟ್ಟಿಯಲ್ಲಿ ದೊರೆಯುವುದಿಲ್ಲ. ನಮ್ಮ ಪ್ರಾಂತಗಳಲ್ಲಿ ಒಲೆ, ಸೌದೆ, ಬೆರಣಿ, ಗೋಬರ್ ಗ್ಯಾಸುಗಳ ವಿಷಯವಾಗಿ ಕೆಲಸಮಾಡಿದ ಕಾರ್ಯಕರ್ತರ ಕಾಗದಪತ್ರಗಳು, ವರದಿಗಳು, ಹಳ್ಳಿಯ ಹೆಂಗಸರ ಬಾಯಿಮಾತುಗಳು ಕಾಲವಶವಾಗುವ ಮೊದಲೇ ಸಂಗ್ರಹವಾಗಬೇಕಾಗಿದೆ. ಶಾಸನಗಳನ್ನೂ ಓಲೆಯ ಗ್ರಂಥಗಳನ್ನೂ ಕಾಪಾಡಿದ ನಮ್ಮ ವಿದ್ವಾಂಸರು ಈ ಕೆಲಸವನ್ನೂ ಚರಿತ್ರೆಯ ಕೆಲಸವೆಂದೇ ಎಣಿಸಿ ಕೈಕೊಳ್ಳಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು.